ನಾನು ಸೇರಿಸಿದ ಒಂದು ಪದ

ಹೋದ ವಾರ ಗೋವಿಂದರಾಜನಗರದ ಒಂದು ಅಡ್ಡರಸ್ತೆಯಲ್ಲಿ ಮಳೆ ಹಿಡಿದುಕೊಂಡಿತು. ನನ್ನ ಹತ್ತಿರ ಕೊಡೆ ಇರಲಿಲ್ಲ. ನಿವೃತ್ತನಾದ ಮೇಲೆ ಕೊಡೆ ಮರೆಯುವುದನ್ನು ನಾನು ಸ್ವಾತಂತ್ರ್ಯ ಎಂದುಕೊಂಡಿದ್ದೇನೆ; ನನ್ನ ಹೆಂಡತಿ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ. ಒಂದು ಟೈಲರ್ ಅಂಗಡಿಯ ಮುಂದೆ ಇಳಿಬಿಟ್ಟ ತಗಡಿನ ಕೆಳಗೆ ನಿಂತೆ. ಒಳಗೆ ಒಬ್ಬಾಕೆ ಒದ್ದೆ ಲೈನಿಂಗ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಬ್ಲೌಸಿನ ಒಳಗೆ ಕೊಡುವ ಈ ಹತ್ತಿಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಬ್ಲೌಸನ್ನೆಲ್ಲ ಮುದುರಿಸಿಬಿಡುತ್ತದೆ. ಮಳೆಗಾಲದಲ್ಲಿ ಅದು ಒಣಗುವುದು ಯಾವಾಗ? ಹಸಿಯಾಗಿದ್ದಾಗಲೇ ಇಸ್ತ್ರಿ ಎಳೆಯುತ್ತಾರೆ. ಆಗ ಗಂಜಿ, ಬಣ್ಣ, ಹಬೆ ಮೂರೂ ಸೇರಿದ ಒಂದು ವಾಸನೆ ಏಳುತ್ತದೆ.

ಲೈಬ್ರರಿಯಲ್ಲಿ ಜೀವನ ಕಳೆದವನಿಗೆ ಲೈನಿಂಗ್ ಬಟ್ಟೆಯ ವಿಚಾರ ಹೇಗೆ ಗೊತ್ತು ಎಂದು ಯಾರಾದರೂ ಕೇಳಬಹುದು. ಮೂರು ವರ್ಷದ ಹಿಂದೆ, ಇದೇ ಆಷಾಢ ಶ್ರಾವಣಗಳಲ್ಲಿ, ಗಿರಿಜಮ್ಮ ಎನ್ನುವ ಒಬ್ಬ ಟೈಲರಿಗೆ ನಾನು ಒಂದು ಅನ್ಯಾಯ ಮಾಡಿದೆ. ಅವರ ಮುಖವನ್ನೂ ನೋಡಿರಲಿಲ್ಲ. ಎರಡು ಕಿಲೋಮೀಟರು ದೂರದಲ್ಲಿ ಕಂಪ್ಯೂಟರ್ ಮುಂದೆ ಕೂತು, ಒಂದೇ ಒಂದು ಪದ ಒತ್ತಿ ಮಾಡಿದೆ.

ಆಗ ನಾನು ವಿಜಯನಗರದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ನಮ್ಮದು ನಾಯಂಡಹಳ್ಳಿ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಯಾರದೋ ಟೈಲ್ಸ್ ಗೋಡೌನು ಇದೆ. ಮನೆಯಿಂದ ಮೆಟ್ರೋ ಹತ್ತಿದರೆ ನಾಲ್ಕನೇ ಸ್ಟೇಷನ್ನಿಗೆ ಇಳಿದು, ಹತ್ತು ನಿಮಿಷ ನಡೆದು, ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬೀಗ ತೆಗೆಯುತ್ತಿದ್ದೆ. ಕೆಲಸಕ್ಕೆ ಸೇರಿದಾಗ ಪುಸ್ತಕ ಹುಡುಕುವುದೆಂದರೆ ಉದ್ದುದ್ದ ಮರದ ಡ್ರಾಯರುಗಳಲ್ಲಿ ಕಾರ್ಡು ತಿರುವುವುದು. ಕಂಪ್ಯೂಟರು ಬಂದಾಗ ನನಗೆ ನಲವತ್ತು ದಾಟಿತ್ತು. ಹಟ ಹಿಡಿದು ಕಲಿತೆ. ಕಲಿತ ಮೇಲೆ ಬೀಗತೊಡಗಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೀಗಲು ಕಾರಣವೂ ಇತ್ತು ಅನ್ನಿ. ನಮ್ಮ ಹುಡುಗ ಹುಡುಗಿಯರು ಸಂಶೋಧನೆಯ ಡೇಟಾಬೇಸಿನಲ್ಲಿ ಹುಡುಕುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ಕೈ ತುರಿಸುತ್ತಿತ್ತು. ಜಗತ್ತಿನ ಸಂಶೋಧನಾ ಲೇಖನಗಳ ಪಟ್ಟಿ ಅದು. ಲೇಖನದ ಹೆಸರು, ಸಾರಾಂಶ, ಅದು ಯಾವ ವಿಷಯಕ್ಕೆ ಸೇರಿದ್ದು ಎನ್ನುವ ಗುರುತು, ಎಲ್ಲ ಒಪ್ಪವಾಗಿ ಜೋಡಿಸಿರುತ್ತಾರೆ. ಇವರು ಹೋಗಿ ಅದರಲ್ಲಿ ಒಂದು ಇಡೀ ವಾಕ್ಯ ಟೈಪು ಮಾಡುತ್ತಿದ್ದರು. ಒಬ್ಬ ಹುಡುಗ 'ವಿದ್ಯಾರ್ಥಿಗಳ ಮೇಲೆ ಮೊಬೈಲಿನ ಪರಿಣಾಮ ಏನು' ಎಂಬುದನ್ನು ಪೂರಾ ಇಂಗ್ಲಿಷಿನಲ್ಲಿ ಬರೆದು, ಕೊನೆಗೆ 'ಪ್ಲೀಸ್' ಎಂದೂ ಸೇರಿಸಿದ್ದ.

"ಯಾಕಪ್ಪಾ, ಪ್ಲೀಸ್ ಅಂದ್ರೆ ಕಾಫಿನೂ ಕೊಡುತ್ತಾ?" ಅಂದೆ.

"ಮರ್ಯಾದೆಗೆ ಸಾರ್," ಅಂದ.

ವಾಕ್ಯವನ್ನು ಒಡೆಯಬೇಕು, ಮುಖ್ಯವಾದ ಎರಡು ಮೂರು ವಿಷಯ ಬೇರೆ ಮಾಡಬೇಕು, ಒಂದೊಂದಕ್ಕೂ ಬೇರೆ ಬೇರೆ ದೇಶದವರು ಏನೇನು ಹೆಸರು ಇಟ್ಟಿರಬಹುದು ಎಂದು ಬರೆದುಕೊಳ್ಳಬೇಕು, ಆಮೇಲೆ ಟೈಪು ಮಾಡಬೇಕು. ಪ್ರತಿ ವರ್ಷವೂ ಈ ಪಾಠ ಹೇಳುತ್ತಿದ್ದೆ. ಪ್ರತಿ ವರ್ಷವೂ ಹಿಂದಿನ ಬೆಂಚಿನವರು ಅಷ್ಟೇ ಶ್ರದ್ಧೆಯಿಂದ ಮಲಗುತ್ತಿದ್ದರು. ಆದ್ದರಿಂದ ಕೊನೆಗೆ ಎಲ್ಲರೂ ಚೀಟಿ ಬರೆದು ನನ್ನ ಮೇಜಿನ ಮೇಲೆ ಇಟ್ಟು ಹೋಗುವುದು, ನಾನೇ ಹುಡುಕಿ ಕೊಡುವುದು ರೂಢಿಯಾಯಿತು. ಹುಡುಕಿದ್ದನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಯಾವ ದಿನ, ಯಾವ ಡೇಟಾಬೇಸು, ಯಾವ ಪದಗಳು, ಎಷ್ಟು ಸಿಕ್ಕಿತು. ಇವತ್ತು ಹುಡುಕಿದ ದಾರಿ ನಾಳೆ ಮರೆತುಹೋಗುತ್ತದೆ, ಬರೆದಿಟ್ಟರೆ ತಪ್ಪು ಎಲ್ಲಾಯಿತೆಂದು ತಿರುಗಿ ನೋಡಬಹುದು. ತಪ್ಪು ಮಾಡುವುದು ವಿದ್ಯಾರ್ಥಿಗಳು ಎಂಬ ನಂಬಿಕೆಯಲ್ಲೇ ಈ ಮಾತನ್ನು ಹೇಳುತ್ತಿದ್ದೆ.

ಇನ್ನೊಂದು ನಿಯಮ ಇತ್ತು. ನಾನು ಕೆಲಸ ಕಲಿತ ಹಿರಿಯ ಲೈಬ್ರರಿಯನ್ ಒಬ್ಬರು ಮೊದಲ ದಿನವೇ ಹೇಳಿದ್ದರು, "ಓದೋರ ಚೀಟಿ ಓದು ಕಣಯ್ಯಾ, ಮುಖ ಓದೋಕೆ ಹೋಗಬೇಡ." ಯಾರಿಗೆ ಯಾವ ಪುಸ್ತಕ ಯಾಕೆ ಬೇಕು ಎಂದು ಕೇಳುವುದು ಅವರ ಮನೆಯೊಳಗೆ ಇಣುಕಿದಂತೆ. ಮೂವತ್ತು ವರ್ಷ ನಾನು ಯಾರನ್ನೂ 'ಯಾಕೆ' ಎಂದು ಕೇಳಿದವನಲ್ಲ.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಲೈಬ್ರರಿಯ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತಂದು ಅವಕ್ಕೆ ಒತ್ತಿಟ್ಟಿದ್ದೆವು. ಅದೇ ಹೊತ್ತಿಗೆ ನಮಗೆ ಎರಡು ದೊಡ್ಡ ಡೇಟಾಬೇಸುಗಳು ಎರಡು ತಿಂಗಳ ಮಟ್ಟಿಗೆ ಟ್ರಯಲ್ ಎಂದು ಸಿಕ್ಕಿದ್ದವು. ಒಂದು ವೈದ್ಯಕೀಯದ್ದು, ಒಂದು ಮನಃಶಾಸ್ತ್ರಕ್ಕೇ ಮೀಸಲಾದದ್ದು. ಗೌರಿ ಹಬ್ಬಕ್ಕೆ ಮೊದಲೇ ಎರಡೂ ಮುಚ್ಚಿಹೋಗುತ್ತವೆ. ಎಂ.ಎಸ್ಸಿ. ಸೈಕಾಲಜಿಯ ಎರಡನೇ ವರ್ಷದವರಿಗೆ ಪ್ರಬಂಧದ ವಿಷಯ ಗೊತ್ತುಮಾಡಿಕೊಳ್ಳುವ ಕಾಲವೂ ಅದೇ ಆಗಿತ್ತು. ಮೇಜಿನ ಮೇಲೆ ಚೀಟಿಗಳ ರಾಶಿ ಬಿದ್ದಿತ್ತು.

ಸವಿತಾಳ ಚೀಟಿ ಆ ರಾಶಿಯಲ್ಲಿತ್ತು. ಸವಿತಾ ಆ ತರಗತಿಯ ಹುಡುಗಿ, ಗೋವಿಂದರಾಜನಗರದಿಂದ ನಡೆದೇ ಬರುತ್ತಿದ್ದಳು. ಸಣ್ಣ ದನಿ, ಪುಸ್ತಕ ವಾಪಸು ಕೊಡುವಾಗ ಮಡಿಸಿದ ಮೂಲೆಗಳನ್ನು ತಾನೇ ಬಿಡಿಸಿ ನೇರ ಮಾಡಿ ಕೊಡುವವಳು. ಚೀಟಿಯಲ್ಲಿ ದುಂಡನೆಯ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು: ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವುದು, ಮಧ್ಯವಯಸ್ಸಿನ ಹೆಂಗಸರು, ಮನೆಯಲ್ಲಿ ಒಬ್ಬರೇ ಇರುವಾಗ.

ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ವೈದ್ಯಕೀಯ ಡೇಟಾಬೇಸು ತೆಗೆದೆ. ಯಾಕೆ ಅದನ್ನೇ ತೆಗೆದೆ ಅಂದರೆ, ಅದು ಆಗಲೇ ತೆರೆದಿತ್ತು. ಅಷ್ಟೇ ಕಾರಣ. ಅವಳು ಬರೆದ ಪದಗಳನ್ನೇ ಹಾಕಿದೆ. ಸಾವಿರಗಟ್ಟಲೆ ಬಂತು. ರೋಗಿಯೊಂದಿಗೆ ವೈದ್ಯರು ಮಾತಾಡುವುದು, ಫೋನಿನಲ್ಲಿ ಮಾತಾಡುವುದು, ಸಂಬಂಧವಿಲ್ಲದ್ದೇ ಹೆಚ್ಚು. ಊಟದ ಹೊತ್ತಾಗುತ್ತಿತ್ತು. ಸೈಕಾಲಜಿಯವರು ಕೇಳುವುದೆಂದರೆ ಯಾವುದಾದರೂ ಕಾಯಿಲೆಯ ವಿಷಯವೇ ಇರಬೇಕು ಎಂದು ನನ್ನದೇ ಒಂದು ಅಂದಾಜು. ಅವಳ ಪದಗಳ ಜೊತೆಗೆ ಒಂದು ಪದ ನಾನು ಸೇರಿಸಿದೆ: ಡಿಸಾರ್ಡರ್. ಪಟ್ಟಿ ಸರ್ರನೆ ಇಳಿಯಿತು. ಎರಡು ಪುಟದಲ್ಲಿ ಮುಗಿಯುವಷ್ಟಾಯಿತು.

"ನೋಡಮ್ಮಾ, ಹೀಗೆ ಜರಡಿ ಹಿಡೀಬೇಕು," ಅಂದೆ.

ಸಾರಾಂಶಗಳನ್ನೆಲ್ಲ ಪ್ರಿಂಟು ತೆಗೆದುಕೊಟ್ಟೆ. ನಿಂತಲ್ಲೇ ಮೊದಲ ಹಾಳೆ ಓದಿದಳು. ಎರಡನೆಯದನ್ನೂ ಓದಿದಳು. ಇಲ್ಲದ ದನಿ ಕೇಳಿಸುವುದು, ಭ್ರಮೆ, ಬುದ್ಧಿ ಸ್ತಿಮಿತ ತಪ್ಪುವ ಮೊದಲ ಸೂಚನೆಗಳು, ಆಸ್ಪತ್ರೆಗೆ ಸೇರಿಸಿದವರ ವಿವರ. ಇನ್ನೇನು ಬಂದೀತು? ಅವಳ ಮುಖ ಸಪ್ಪೆಯಾದದ್ದು ಕಂಡಿತು. ಮುಖ ಓದಬಾರದೆಂಬ ನಿಯಮ ಇತ್ತಲ್ಲ, ನಾನು ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದೆ. ಅವತ್ತು ಹುರುಳಿಕಾಳು ಸಾರು ಎಂಬುದು ಕೂಡ ನೆನಪಿದೆ. ಇಂಥ ದಿನಗಳ ಊಟ ಯಾಕೆ ನೆನಪಿರುತ್ತದೋ ತಿಳಿಯದು.

ಆಮೇಲೆ ಹದಿನೈದು ದಿನ ಸವಿತಾ ಲೈಬ್ರರಿಗೆ ಬರಲಿಲ್ಲ. ಆಷಾಢ ಕಳೆದು ಶ್ರಾವಣ ಬಂತು. ಮಳೆ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಹಿಡಿಯುತ್ತಿತ್ತು. ಮೆಟ್ರೋದಲ್ಲಿ ಹೆಂಗಸರ ಕೈಯಲ್ಲಿ ಸೀರೆ ಅಂಗಡಿಯ ಚೀಲಗಳು ಕಾಣತೊಡಗಿದವು. ನನ್ನ ಹೆಂಡತಿಯೂ ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ಬ್ಲೌಸು ಹೊಲಿಯಲು ಕೊಟ್ಟು, ದಿನಾ ಫೋನು ಮಾಡಿ ಟೈಲರ್ ಜೀವ ತಿನ್ನುತ್ತಿದ್ದಳು.

ಒಂದು ಮಧ್ಯಾಹ್ನ ಸವಿತಾ ಬಂದಳು. ಪುಸ್ತಕ ಕೇಳಲಿಲ್ಲ, ಚೀಟಿ ಬರೆಯಲಿಲ್ಲ. ನಾನು ಕೊಟ್ಟ ಪ್ರಿಂಟುಗಳು ಕೈಯಲ್ಲಿದ್ದವು. ಮಡಿಸಿ ಮಡಿಸಿ ಅಂಚು ಹರಿದಿದ್ದವು, ಅವಳಂಥ ಹುಡುಗಿಯ ಕೈಯಲ್ಲಿ.

"ಸಾರ್, ಇದು ಶುರುವಲ್ಲೇ ಗೊತ್ತಾದ್ರೆ ವಾಸಿ ಆಗುತ್ತಾ? ಅದರ ಬಗ್ಗೆ ಏನಾದ್ರೂ ಹುಡುಕಿ ಕೊಡ್ತೀರಾ?"

ಮೂವತ್ತು ವರ್ಷದ ನಿಯಮವನ್ನು ನಾನು ಮುರಿದದ್ದು ಆಗ. ಧೈರ್ಯದಿಂದ ಮುರಿದದ್ದಲ್ಲ, ಅವಳ ಕಣ್ಣು ತುಂಬಿದ್ದರಿಂದ ಬಾಯಿಗೆ ಬಂದುಬಿಟ್ಟಿತು.

"ಯಾರಿಗಮ್ಮಾ?"

"ಅಮ್ಮಂಗೆ ಸಾರ್."

ಹಳೆಯ ಪತ್ರಿಕೆಗಳ ಕಪಾಟಿನ ಹಿಂದೆ ಎರಡು ಕುರ್ಚಿ ಹಾಕಿ ಕೂರಿಸಿದೆ. ಒಂದೊಂದಾಗಿ ಹೇಳಿದಳು. ಅಮ್ಮ ಗಿರಿಜಮ್ಮ ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ. ಬಾಡಿಗೆಯ ಮಹಡಿ ಮನೆ, ಹೊರಗಿನಿಂದ ಮೆಟ್ಟಿಲು. ಅಪ್ಪ ಬೆಳಿಗ್ಗೆಯೇ ಮಾಗಡಿ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಕೆಳಗಿನ ಮನೆಯಲ್ಲಿ ಸೋದರತ್ತೆ, ಅಪ್ಪನ ಅಕ್ಕ. ಅಮ್ಮ ಮೆಷಿನ್ ಮುಂದೆ ಕೂತರೆ ಮಾತಾಡುತ್ತಲೇ ಇರುತ್ತಾರೆ. ಸವಿತಾ ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದ ಮಾತು ಅದು, ಮನೆಯಲ್ಲಿ ಯಾರೂ ಗಮನಿಸಿರಲೇ ಇಲ್ಲ. ಆ ವರ್ಷ ಸೋದರತ್ತೆ ಗಮನಿಸಿದರು. "ಮನೇಲಿ ಯಾರೂ ಇಲ್ಲ, ನಿಮ್ಮಮ್ಮ ಯಾರ್ ಜೊತೆ ಮಾತಾಡ್ತಾಳೇ? ನಂಗ್ಯಾಕೋ ಸರಿ ಕಾಣ್ತಿಲ್ಲ, ತೋರ್ಸ್ರಿ ಎಲ್ಲಾದ್ರೂ," ಎಂದು ಒಂದು ದಿನ ಅಂದರು. ಮಾರನೆಯ ದಿನವೂ ಅಂದರು. ಸೈಕಾಲಜಿ ಓದುವ ಮಗಳಿಗೆ ಹೆದರಿಕೆಯಾಯಿತು. ಯಾರನ್ನೋ ಕೇಳುವ ಬದಲು ತಾನೇ ಶಾಸ್ತ್ರಬದ್ಧವಾಗಿ ಹುಡುಕೋಣ ಎಂದುಕೊಂಡು, ಪ್ರಬಂಧದ ವಿಷಯ ಎಂಬ ನೆಪದಲ್ಲಿ ನನಗೆ ಚೀಟಿ ಬರೆದಳು. ನಾನು ಎರಡು ಪುಟ ಕಾಯಿಲೆ ಕೊಟ್ಟು ಕಳಿಸಿದೆ.

"ನೀನು ಅಮ್ಮಂಗೆ ಹೇಳಿದ್ಯಾ?"

"ಮೆತ್ತಗೇ ಹೇಳ್ದೆ ಸಾರ್. ಸ್ವಲ್ಪ ಗಮನ ಇಟ್ಕೋ ಅಮ್ಮಾ, ಮಾತಾಡ್ಬೇಡ ಅಂತ. ಅವ್ರು ಈ ಪೇಪರ್ ಇಸ್ಕೊಂಡು ತಿರುಗಿಸಿ ನೋಡಿದ್ರು. ಇದ್ರಲ್ಲಿ ನನ್ನ ಬಗ್ಗೆ ಏನ್ ಬರ್ದಿದಾರೆ ಸವೀ ಅಂತ ಕೇಳಿದ್ರು." ಮೂಗು ಒರೆಸಿಕೊಂಡಳು. "ಅವತ್ತಿಂದ ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡು ಕೂತ್ಕೊತಾರೆ ಸಾರ್. ಮಾತು ಬರಬಾರ್ದು ಅಂತ."

ಅವಳೇ ಮುಂದುವರಿಸಿದಳು. ಮಾತು ನಿಂತ ಮೇಲೆ ಅಮ್ಮನ ಕೈಯಲ್ಲಿ ತಪ್ಪುಗಳು ಶುರುವಾದವು. ಒಬ್ಬರ ಅಳತೆ ಇನ್ನೊಬ್ಬರ ಬಟ್ಟೆಗೆ ಹೋಯಿತು. ಒಂದು ರೇಷ್ಮೆ ಸೀರೆಯ ಬ್ಲೌಸ್ ಪೀಸಿನಲ್ಲಿ ಎರಡು ತೋಳನ್ನೂ ಬಲಗೈಗೇ ಕತ್ತರಿಸಿಬಿಟ್ಟರು. ಸೀರೆಯಿಂದಲೇ ತೆಗೆದ ಬಟ್ಟೆ ಅದು, ಬೇರೆ ಎಲ್ಲೂ ಸಿಗುವಂಥದ್ದಲ್ಲ. ಹಬ್ಬದ ಹೊತ್ತು. ಗಿರಿಜಮ್ಮ ಅವತ್ತು ಅಳಲಿಲ್ಲವಂತೆ. ಬಾಯಿಂದ ಪಿನ್ನು ತೆಗೆದು ಡಬ್ಬಿಗೆ ಹಾಕಿ, ಹೊಲಿಯದೆ ಉಳಿದಿದ್ದ ಬಟ್ಟೆಗಳನ್ನೆಲ್ಲ ಜೋಡಿಸಿಕೊಂಡು, ಒಂದೊಂದು ಮನೆಗೂ ಹೋಗಿ ವಾಪಸು ಕೊಟ್ಟು ಬರತೊಡಗಿದರಂತೆ.

"ಹಬ್ಬ ಆದ್ಮೇಲೆ ಮೆಷಿನ್ ಮುಚ್ಚಿಬಿಡ್ತೀನಿ ಅಂತಿದಾರೆ ಸಾರ್. ತಲೆ ಸರಿ ಇಲ್ದೋರು ಬೇರೆಯವ್ರ ಬಟ್ಟೆಗೆ ಕತ್ತರಿ ಹಾಕ್ಬಾರ್ದಂತೆ."

ಮೇಜಿನ ಹತ್ತಿರ ಹೋಗಿ ಉದ್ದ ನೋಟ್‌ಬುಕ್ಕು ತಂದೆ. ಆಷಾಢದ ಆ ದಿನದ ಸಾಲು ಹುಡುಕಿದೆ. ಅವಳ ಪದಗಳು, ಅದರ ಪಕ್ಕದಲ್ಲಿ, ನನ್ನದೇ ಅಕ್ಷರದಲ್ಲಿ, ಅವಳು ಬರೆಯದ ಆ ಒಂದು ಪದ. ಕಾಯಿಲೆ ಎಂದು ಕೇಳಿದವನು ನಾನು. ಡೇಟಾಬೇಸು ಕೇಳಿದ್ದನ್ನು ಕೊಟ್ಟಿತು. ಅದರ ಅಕ್ಕಪಕ್ಕ ಇನ್ನೇನಿದೆ ಎಂದು ತಿಳಿಯುವ ದಾರಿಯನ್ನೇ ನಾನು ಮುಚ್ಚಿದ್ದೆ. ಮೊದಲ ವರ್ಷದ ಹುಡುಗರು ಮಾಡಿದ್ದರೆ ನಗೆಯಾಡಿ ಕಳಿಸುತ್ತಿದ್ದ ತಪ್ಪು. ಅಷ್ಟು ನಾಚಿಕೆ ನನಗೆ ಆವರೆಗೆ ಆಗಿರಲಿಲ್ಲ.

"ಸವಿತಾ, ಈ ಪದ ನಿಂದಲ್ಲ. ನಾನು ಹಾಕಿದ್ದು," ಎಂದು ತೋರಿಸಿದೆ. "ಪಟ್ಟಿ ಚಿಕ್ಕದಾಗ್ಲಿ ಅಂತ ಹಾಕ್ದೆ. ನಿನ್ನ ಕೇಳಲೂ ಇಲ್ಲ."

ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಅದನ್ನ ತೆಗೆದು ನಾರ್ಮಲ್ ಅಂತ ಹಾಕಿ ಸಾರ್," ಅಂದಳು, ಆಸೆಯಿಂದ.

ಹಾಕಿಬಿಡಬೇಕು ಅನ್ನಿಸಿತು. ಹಾಕಿದ್ದರೆ ಅವಳಿಗೆ ಬೇಕಾದ್ದೇ ಬರುತ್ತಿತ್ತು, ಇಬ್ಬರೂ ಆ ಸಂಜೆ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆವು. "ಬೇಡಮ್ಮಾ," ಅಂದೆ. "ಆಗ್ಲೂ ಉತ್ತರ ನಾವೇ ಹೇಳ್ಕೊಟ್ಟ ಹಾಗಾಗುತ್ತೆ. ನಿಮ್ಮಮ್ಮ ಏನ್ ಮಾಡ್ತಾರೋ ಅದನ್ನ ಮಾತ್ರ ಕೇಳೋಣ. ಏನ್ ಬರುತ್ತೋ ಬರ್ಲಿ."

ಟ್ರಯಲ್ ಮುಗಿಯಲು ಇನ್ನೂ ಕೆಲವು ದಿನ ಇದ್ದವು. ಪ್ರತಿ ಮಧ್ಯಾಹ್ನ ಕೂತೆವು. ಮೊದಲು ಕಂಪ್ಯೂಟರು ಮುಟ್ಟಲೇ ಇಲ್ಲ. ಪ್ರಿಂಟುಗಳ ಹಿಂಬದಿಯ ಖಾಲಿ ಜಾಗದಲ್ಲಿ, ಅವಳು ಹೇಳಿದ್ದನ್ನು ನಾನು ಬರೆಯುತ್ತಾ ಹೋದೆ. ಗಿರಿಜಮ್ಮ ಯಾವಾಗ ಮಾತಾಡುತ್ತಾರೆ? ಕತ್ತರಿಸುವಾಗ, ಹೊಲಿಯುವಾಗ. ಸುಮ್ಮನೆ ಕೂತಾಗ? ಇಲ್ಲ. ಅಡುಗೆ ಮಾಡುವಾಗ? ಹೊಸ ತಿಂಡಿ ಮಾಡಿದರೆ ಉಂಟು, ದಿನದ ಅಡುಗೆಗೆ ಇಲ್ಲ. ಕರೆದರೆ ತಿರುಗುತ್ತಾರೆಯೇ? ತಕ್ಷಣ. ಯಾರೋ ಎದುರಿಗಿದ್ದಾರೆ, ಅವರಿಗೆ ಉತ್ತರ ಕೊಡುತ್ತಿದ್ದಾರೆ ಅನ್ನಿಸುತ್ತದೆಯೇ?

"ಇಲ್ಲ ಸಾರ್. ಬರೀ ಅಳತೆ. ಶಾರದಮ್ಮಂಗೆ ಕತ್ತು ಆಳ ಬೇಡ, ಅಂಚು ಮೇಲ್ಬರ್ಲಿ, ಇಲ್ಲೊಂದಿಂಚು ಬಿಡು, ಹಬ್ಬ ಮುಗಿಯೋದ್ರಲ್ಲಿ ದಪ್ಪ ಆಗ್ತಾಳೆ. ಹೀಗೆ." ಸ್ವಲ್ಪ ಯೋಚಿಸಿ, "ಮಧ್ಯೆ ಅಪ್ಪನ್ನ ಬೈತಾರೆ," ಅಂದಳು.

"ಅದು ಎಲ್ಲಾ ಮನೇಲೂ ಇದ್ದಿದ್ದೇ. ಬರ್ಕೊಳ್ಳೋದು ಬೇಡ."

ಆ ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗ. ಬರೆದದ್ದನ್ನು ಮೂರು ಸಾಲು ಮಾಡಿದೆವು. ಗಟ್ಟಿಯಾಗಿ ತನಗೆ ತಾನೇ ಮಾತಾಡುವುದು ಒಂದು, ದೊಡ್ಡವರು ಎಂಬುದು ಒಂದು, ಕೈಕೆಲಸ ಅಥವಾ ನೆನಪಿಡಬೇಕಾದ ಕಷ್ಟದ ಕೆಲಸ ಇನ್ನೊಂದು. ಈ ಸಲ ಮನಃಶಾಸ್ತ್ರದ ಡೇಟಾಬೇಸು ತೆಗೆದೆ. ಅದರೊಳಗೆ ಒಂದು ಪದಪಟ್ಟಿ ಇರುತ್ತದೆ. ಒಂದು ವಿಷಯಕ್ಕೆ ಜನ ಹತ್ತು ಹೆಸರು ಬಳಸಿದರೂ ಸಂಗ್ರಹ ಮಾಡುವವರು ಒಂದು ಹೆಸರು ಗೊತ್ತುಮಾಡಿ, ಅದರ ಅರ್ಥವನ್ನು, ಹತ್ತಿರದ ಪದಗಳನ್ನು ಅಲ್ಲಿ ಬರೆದಿಟ್ಟಿರುತ್ತಾರೆ. ಹುಡುಕುವವನು ಮೊದಲು ನೋಡಬೇಕಾದ ಜಾಗ ಅದು. ನಾನು ಪಾಠದಲ್ಲಿ ಹೇಳುತ್ತಿದ್ದ ಜಾಗ, ಅವತ್ತು ಹಸಿವಿನಲ್ಲಿ ನೋಡದೆ ಬಿಟ್ಟ ಜಾಗ. ಒಂದು ಪದದಿಂದ ಇನ್ನೊಂದಕ್ಕೆ ಹೋಗುತ್ತಾ ಕೊನೆಗೆ 'ಸೆಲ್ಫ್ ಟಾಕ್' ಸಿಕ್ಕಿತು, 'ಪ್ರೈವೇಟ್ ಸ್ಪೀಚ್' ಸಿಕ್ಕಿತು. ಕೆಲಸದ ನಡುವೆ ಮನುಷ್ಯ ತನಗೆ ತಾನೇ ಕೇಳಿಸುವಂತೆ ಹೇಳಿಕೊಳ್ಳುವ ಮಾತಿಗೆ ವಿದ್ವಾಂಸರು ಇಟ್ಟ ಹೆಸರು. ಎರಡನ್ನೂ, ಎರಡರಲ್ಲಿ ಯಾವುದಿದ್ದರೂ ಬರಲಿ ಎಂಬಂತೆ ಜೋಡಿಸಿ ಒತ್ತಿದೆ.

ಸವಿತಾ ನನ್ನ ಕುರ್ಚಿಯನ್ನೇ ಅತ್ತ ಸರಿಸಿ ತೆರೆಯ ಮುಂದೆ ಬಂದಳು. ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಗೊಂಬೆ ಜೋಡಿಸುವ ಮಕ್ಕಳು. ಆಟಕ್ಕಿಳಿಯುವ ಮೊದಲು ತಮಗೆ ತಾವೇ ಹೇಳಿಕೊಳ್ಳುವ ಆಟಗಾರರು. ಕಷ್ಟದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬಾಯಲ್ಲಿ ಹೇಳಿಕೊಂಡು ಮಾಡುವ ದೊಡ್ಡವರು. ಇಷ್ಟು ಜನ ಅಲ್ಲೇ ಇದ್ದರು, ನಾವು ತಟ್ಟಿದ್ದು ಪಕ್ಕದ ಬಾಗಿಲು. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೊನೆಯಲ್ಲಿ ಅವರು ಯಾರನ್ನು ಓದಿದ್ದಾರೆಂದು ನೋಡಿದೆವು, ಆಮೇಲೆ ಅವರನ್ನು ಯಾರು ಓದಿ ಬರೆದಿದ್ದಾರೆಂದು ನೋಡಿದೆವು. ಹಿಂದಕ್ಕೂ ಮುಂದಕ್ಕೂ ಹೋದೆವು. ಪುರಾವೆ ಎಲ್ಲ ಒಂದೇ ಕಡೆ ವಾಲಿರಲಿಲ್ಲ. ಮಕ್ಕಳ ಬಗ್ಗೆ ಬರೆದವರು ಹೆಚ್ಚು, ದೊಡ್ಡವರ ಬಗ್ಗೆ ಕಡಿಮೆ. ಸಹಾಯವಾಗುತ್ತದೆ ಎನ್ನುವವರಿದ್ದರು, ಯಾವಾಗಲೂ ಆಗುವುದಿಲ್ಲ ಎನ್ನುವವರೂ ಇದ್ದರು. ಮನೆಯಲ್ಲಿ ಬ್ಲೌಸು ಹೊಲಿಯುವ ಹೆಂಗಸರ ಬಗ್ಗೆ ನಮಗೆ ಒಂದೂ ಸಿಗಲಿಲ್ಲ. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ, ಸಿಗಲಿಲ್ಲ ಎಂದು. 'ಇಲ್ಲ' ಎಂದು ಬರೆಯುವಷ್ಟು ಧೈರ್ಯ ಆಗ ಉಳಿದಿರಲಿಲ್ಲ.

"ಆದ್ರೂ ನಾನು ಡಾಕ್ಟರಲ್ಲ ಕಣಮ್ಮಾ. ಪೇಪರ್ ಓದಿ ಕಾಯಿಲೆ ಇದೆ ಅಂತ ಅಂದ್ಕೊಂಡಿದ್ದೂ ತಪ್ಪು, ಇಲ್ಲ ಅಂತ ಅಂದ್ಕೊಳ್ಳೋದೂ ತಪ್ಪು. ನಿಮ್ಮ ಮೇಡಂ ಹತ್ರ ಹೋಗು," ಅಂದೆ.

ಮೇಡಂ ಎಂದರೆ ಅವಳಿಗೆ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುತ್ತಿದ್ದ ಅಧ್ಯಾಪಕಿ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಆಮೇಲೆ ಪಾಠಕ್ಕೆ ಬಂದವರು. ಅವರು ಗಿರಿಜಮ್ಮನನ್ನು ಕರೆಸಿಕೊಂಡು ಒಂದು ಗಂಟೆ ಮಾತಾಡಿದರು. ಸವಿತಾ ಹೊರಗೆ ವರಾಂಡದಲ್ಲಿ ನಿಂತಿದ್ದಳು. ಬಾಗಿಲು ತೆರೆದಾಗ ಮೇಡಂ, "ನಂಗೇನೂ ಗಾಬರಿ ಪಡೋದು ಕಾಣಿಸ್ಲಿಲ್ಲ. ಬೇರೆ ಏನಾದ್ರೂ ಬದಲಾವಣೆ ಕಂಡ್ರೆ ಬಂದು ಹೇಳು," ಎಂದರಂತೆ. ಆಮೇಲೆ ಗಿರಿಜಮ್ಮನ ಕಡೆ ತಿರುಗಿ, "ನಿಮ್ಮ ಕೈಲಿ ನಂದೊಂದು ಬ್ಲೌಸು ಆಗುತ್ತಾ? ಗೌರಿ ಹಬ್ಬಕ್ಕೆ," ಎಂದು ಕೇಳಿದರಂತೆ. ಆ ಮೇಡಂಗೆ ಅದು ಔಷಧವೆಂದು ಗೊತ್ತಿತ್ತೋ, ನಿಜವಾಗಿ ಬ್ಲೌಸು ಬೇಕಿತ್ತೋ ನನಗೆ ತಿಳಿಯದು. ಬಟ್ಟೆಯಂತೂ ಮಾರನೆಯ ದಿನವೇ ಕಳಿಸಿದರು.

ಎಲ್ಲ ಸರಿಹೋಯಿತು ಎಂದುಕೊಂಡು ನಾನು ಹಗುರಾದೆ. ಒಂದು ವಾರದ ಮೇಲೆ ಸವಿತಾ ಬಂದು ಕೌಂಟರಿಗೆ ಒರಗಿ ನಿಂತಳು.

"ಮನೇಲಿ ಅಮ್ಮಂಗೆ ಎಲ್ಲಾ ಬಿಡಿಸಿ ಹೇಳ್ದೆ ಸಾರ್. ನೀನು ಮಾತಾಡ್ಕೊಳ್ಳೋದು ಕೆಲಸಕ್ಕೆ ಸಹಾಯ, ಅದಕ್ಕೆ ಹೆಸರೂ ಇದೆ ಅಂತ. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, ಹಂಗಾದ್ರೆ ನಾನು ಮಾತಾಡ್ಬೌದಾ ಸವೀ ಅಂದ್ರು." ಕೌಂಟರಿನ ಮೇಲಿದ್ದ ಪುಸ್ತಕವೊಂದರ ಮಡಿಸಿದ ಮೂಲೆ ಬಿಡಿಸಿದಳು. "ಅಮ್ಮ ನನ್ನನ್ನ ಪರ್ಮಿಷನ್ ಕೇಳಿದ್ರು ಸಾರ್."

ಪ್ರಬಂಧಕ್ಕೆ ಆ ವಿಷಯ ಬಿಟ್ಟುಬಿಟ್ಟಳು. ಒಳ್ಳೆಯ ವಿಷಯ, ಯಾರೂ ಹೆಚ್ಚು ಮುಟ್ಟದ್ದು ಎಂದು ಮೇಡಂ ಹೇಳಿದರೂ ಕೇಳಲಿಲ್ಲ. "ನಮ್ಮಮ್ಮನ್ನ ಇನ್ನು ನಾನು ಗಮನಿಸಲ್ಲ ಸಾರ್, ಸಾಕು," ಅಂದಳು. ವಿದ್ಯಾರ್ಥಿಗಳ ನಿದ್ದೆಯ ಬಗ್ಗೆ ಮಾಡಿದಳು. ಅದಕ್ಕೆ ಹುಡುಕುವ ಕೆಲಸವನ್ನೆಲ್ಲ ತಾನೇ ಮಾಡಿಕೊಂಡಳು, ನನ್ನ ಕಣ್ಣೆದುರೇ, ನನ್ನನ್ನು ಒಂದು ಮಾತೂ ಕೇಳದೆ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗಿರಿಜಮ್ಮನಲ್ಲಿ ಕ್ಷಮೆ ಕೇಳಬೇಕು ಎಂಬುದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತ್ತು. ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮನೆಯಲ್ಲಿ ಹೇಳಿದೆ. "ಹಬ್ಬದ ಟೈಮಲ್ಲಿ ಟೈಲರ್ ಮನೆಗೆ ಬರಿಗೈಲಿ ಹೋಗಿ ಸಾರಿ ಅಂತೀರಾ?" ಎಂದು ನನ್ನ ಹೆಂಡತಿ ಒಂದು ಬ್ಲೌಸ್ ಪೀಸು, ಅಳತೆಗೆ ಒಂದು ಹಳೇ ಬ್ಲೌಸು ಕವರಿನಲ್ಲಿ ಹಾಕಿಕೊಟ್ಟಳು. "ಅವಸರ ಇಲ್ಲ, ದೀಪಾವಳಿಗೆ ಕೊಟ್ರೆ ಸಾಕು ಅನ್ನಿ," ಅಂದಳು. ಅವಳ ಬಾಯಲ್ಲಿ ಟೈಲರಿಗೆ ಅವಸರವಿಲ್ಲ ಎಂಬ ಮಾತು ಬಂದದ್ದು ಅದೇ ಮೊದಲು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಹೋದೆ. ಸಣ್ಣಗೆ ಹನಿಯುತ್ತಿತ್ತು. ಸವಿತಾ ಹೇಳಿದ್ದ ಗುರುತಿನ ಮೇಲೆ ಮನೆ ಸಿಕ್ಕಿತು. ಹೊರಗಿನ ಮೆಟ್ಟಿಲು ಹತ್ತುತ್ತಾ ತಿರುವಿಗೆ ಬಂದರೆ, ಮೇಲಿನ ಮೂರನೇ ಮೆಟ್ಟಿಲ ಮೇಲೆ ಅವಳೇ ಕೂತಿದ್ದಳು. ಕಾಲೇಜಿನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಮಳೆಯ ಎರಚಲಿಗೆ ಒಂದು ಭುಜ ಪೂರಾ ನೆನೆದಿತ್ತು. ನನ್ನನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟಳು.

"ಒಳಗೆ ಹೋಗ್ಬೇ‌ಡಿ ಸಾರ್," ಅಂದಳು ಪಿಸುದನಿಯಲ್ಲಿ. "ಅಮ್ಮ ಮಾತಾಡ್ತಾ ಇದಾರೆ."

ಬಾಗಿಲು ಓರೆಯಾಗಿತ್ತು. ಒಳಗೆ ಇಸ್ತ್ರಿಯ ಹಬೆಯ ವಾಸನೆ, ಮೆಷಿನ್ನಿನ ಸದ್ದು. ಮೆಷಿನ್ ನಿಂತಾಗಲೆಲ್ಲ ಒಂದು ದನಿ ಕೇಳಿಸುತ್ತಿತ್ತು. ಆತುರವಿಲ್ಲದ, ಕೆಲಸದಲ್ಲಿ ಮುಳುಗಿದ ದನಿ. ಇದು ಮೇಡಮ್ಮಂದು, ಬೆನ್ನು ಅಗಲ, ಇಲ್ಲಿ ಅರ್ಧ ಬಿಡೋಣ. ಅಯ್ಯೋ ಈ ಬಟ್ಟೆ ಜಾರುತ್ತೆ, ಇರು ಮಾರಾಯ್ತಿ, ಎಲ್ಲಿಗೋಗ್ತೀಯ. ಎಡ ಆಯ್ತು. ಇನ್ನು ಬಲ.

"ಎಷ್ಟು ಹೊತ್ತಿಂದ ಕೂತಿದೀಯಮ್ಮಾ?"

"ಮುಕ್ಕಾಲು ಗಂಟೆ ಆಯ್ತೇನೋ. ನಾನು ಒಳಗೆ ಕಾಲಿಟ್ರೆ ನಿಲ್ಲಿಸ್ಬಿಡ್ತಾರೆ ಸಾರ್. ಅಪ್ಪ ಇದ್ರೂ ಪರವಾಗಿಲ್ಲ, ಅತ್ತೆ ಬಂದ್ರೂ ಪರವಾಗಿಲ್ಲ. ನಾನೊಬ್ಳು ಬಂದ್ರೆ ಮಾತ್ರ." ಬಾಗಿಲಿನ ಕಡೆ ನೋಡಿದಳು. "ಮುಂಚೆ ಅವ್ರ ಕಾಲ ಹತ್ರ ಕೂತ್ಕೊಂಡೇ ಓದ್ತಿದ್ದೆ."

ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಕವರು ಸರಬರ ಅಂದಿತು. ಒಳಗೆ ಮೆಷಿನ್ ನಿಂತಿತು.

"ಸವೀ? ಬಂದ್ಯೇನೇ?"

ಸವಿತಾ ಎರಡು ಕೈಯಲ್ಲೂ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ನಾನು ಅವಳ ಮುಖ ನೋಡಿದೆ. ಈ ಸಲ ಪೂರ್ತಿ ನೋಡಿದೆ. ಓಗೊಡಲು ತುಟಿ ತೆರೆದಿತ್ತು. ಓಗೊಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಲೂ ಕೈ ಎತ್ತಲಿಲ್ಲ.

"ಯಾರೂ ಇಲ್ಲ," ಎಂದು ಒಳಗಿನ ದನಿ ತನಗೆ ತಾನೇ ಹೇಳಿಕೊಂಡಿತು. ಮೆಷಿನ್ ಮತ್ತೆ ಶುರುವಾಯಿತು.